ಇಬ್ಬರಿಗೆ ಒಂದು ಮಾತ್ರೆ

ನಮ್ಮ ಭಾವ ಮಾತು ಶುರುಮಾಡಬೇಕಾದರೆ ಮೊದಲು ಬಾಯಿಂದ ಮೊಳೆ ಉಗುಳಬೇಕಿತ್ತು. ಬಸ್ಸುಗಳ ಸೀಟು ಹೊಲಿಯುವ ಕೆಲಸ ಅವರದು. ರೆಕ್ಸಿನ್ ಎಳೆದು ಹಿಡಿಯಲು ಎಡಗೈ, ಸುತ್ತಿಗೆಗೆ ಬಲಗೈ. ಮೊಳೆ ಹಿಡಿಯಲು ಮೂರನೆಯ ಕೈ ಇಲ್ಲದ್ದರಿಂದ ಒಂದು ಹಿಡಿ ಸಣ್ಣ ಮೊಳೆ ಯಾವಾಗಲೂ ದವಡೆಯ ಸಂದಿಯಲ್ಲಿ ಕೂತಿರುತ್ತಿತ್ತು. ಒಂದೊಂದನ್ನೇ ನಾಲಗೆಯಿಂದ ತುಟಿಯ ತುದಿಗೆ ತಂದು, ಅಲ್ಲಿಂದ ಸುತ್ತಿಗೆಗೆ ಕೊಡುತ್ತಿದ್ದರು. ಅದೇ ಬಾಯಲ್ಲಿ ಚಹಾ ಕುಡಿಯುತ್ತಿದ್ದರು, ಡ್ರೈವರುಗಳನ್ನು ಬೈಯುತ್ತಿದ್ದರು, ಖುಷಿಯಾದರೆ ಸಿಳ್ಳೆಯನ್ನೂ ಹಾಕುತ್ತಿದ್ದರು. ಮದುವೆಯ ಹೊಸದರಲ್ಲಿ ಅಕ್ಕ ಹೆದರಿ, "ರೀ, ನುಂಗಿಬಿಟ್ರೆ ಏನು ಗತಿ?" ಎಂದಿದ್ದಳಂತೆ. "ನುಂಗಿದ್ರೆ ಲುಕ್ಸಾನು ನಂದಲ್ಲ ಕಣೇ, ಮಾಲೀಕಂದು" ಎಂದಿದ್ದರಂತೆ ಇವರು. ಬಸ್ಸು ನಿಲ್ಲಿಸುವ ಯಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅವರು ಸೀಟು ಮೇಸ್ತ್ರಿ.

ಅಕ್ಕನದು ಲಾಂಡ್ರಿ ಕಂಪನಿ. ಊರಿನ ಲಾಡ್ಜು, ಆಸ್ಪತ್ರೆಗಳ ಚಾದರಗಳೆಲ್ಲ ಅಲ್ಲಿಗೆ ಲಾರಿಗಟ್ಟಲೆ ಬರುತ್ತವೆ. ಒಗೆದ ಚಾದರವನ್ನು ಇಬ್ಬರು ಹೆಂಗಸರು ಎರಡು ತುದಿ ಹಿಡಿದು, ಬಿಗಿಯಾಗಿ ಎಳೆದು, ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಆ ಕಡೆ ಇಸ್ತ್ರಿಯಾಗಿ ಬರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಕ್ಕ ಹೇಳುವುದು ಒಂದೇ ಮಾತು: "ಆ ತುದಿ ಹಿಡಿ." ಆ ಕಂಪನಿಯಲ್ಲಿ ಬೇರೆ ಯಾವ ಸುಖವೂ ಇಲ್ಲ, ಆದರೆ ಗೇಟಿನ ಪಕ್ಕದ ಕೋಣೆಯಲ್ಲಿ ಒಬ್ಬ ಡಾಕ್ಟರು ಕೂರುತ್ತಾರೆ. ಕಾರ್ಡು ತೋರಿಸಿದರೆ ಮಾತ್ರೆ ಪುಕ್ಕಟೆ. ಕೆಲಸಗಾರರಿಗೆ ಮಾತ್ರ, ಮನೆಯವರಿಗಲ್ಲ. ಕಂಪನಿಯ ಮಟ್ಟಿಗೆ ಕೆಲಸಗಾರರಿಗೆ ಮನೆಯವರು ಇರುವುದೇ ಒಂದು ದುರಭ್ಯಾಸ.

ಅಕ್ಕನಿಗೆ ಸಕ್ಕರೆ ಕಾಯಿಲೆ ಮೊದಲು ಬಂತು. ಕಾರ್ಡು ಇತ್ತು, ಮಾತ್ರೆ ಸಿಕ್ಕಿತು, ನಡೆದುಹೋಯಿತು. ಎರಡು ವರ್ಷವಾದ ಮೇಲೆ ಭಾವನಿಗೂ ಅದೇ ಬಂತು. ದುಡ್ಡು ಕೊಟ್ಟು ತೋರಿಸಿಕೊಂಡ ಡಾಕ್ಟರು ಬರೆದದ್ದೂ ಅಕ್ಕ ನುಂಗುತ್ತಿದ್ದ ಅದೇ ಮಾತ್ರೆ. "ಗಂಡ ಹೆಂಡ್ತಿ ಅಂದ್ರೆ ಹೀಗಿರಬೇಕು ನೋಡಯ್ಯ, ರೋಗದಲ್ಲೂ ಜೋಡಿ" ಎಂದು ನನ್ನ ಹತ್ತಿರ ನಕ್ಕಿದ್ದರು. ಕೆಲವು ತಿಂಗಳು ಕೊಂಡು ತಿಂದರು ಕೂಡ. ಅಷ್ಟರಲ್ಲಿ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಸೀಟುಗಳು ಮಾರುಕಟ್ಟೆಗೆ ಬಂದವು. ಅವಕ್ಕೆ ಹೊಲಿಗೆ ಬೇಡ, ಮೊಳೆ ಬೇಡ, ಮೇಸ್ತ್ರಿಯಂತೂ ಬೇಡವೇ ಬೇಡ. ವಾರವೆಲ್ಲ ಯಾರ್ಡಿನಲ್ಲಿ ಕಾದರೆ ಎಲ್ಲೋ ಒಂದು ಹರಿದ ಸೀಟು.

ಕೈ ಬಿಗಿಯಾದಾಗ ಮನುಷ್ಯನ ಮೈಯಲ್ಲಿ ಏನೇನಾಗುತ್ತದೆ ಎಂದು ಆ ಮನೆಯನ್ನು ನೋಡಿ ಕಲಿತೆ. ಬಾಡಿಗೆಯ ದಿನ ಹತ್ತಿರ ಬಂದರೆ ಅಕ್ಕನಿಗೆ ತಲೆನೋವು, ಭಾವನಿಗೆ ಎದೆಯುರಿ. ಬಾಗಿಲು ಯಾರು ತಟ್ಟಿದರೂ ಇಬ್ಬರೂ ಮಾತು ನಿಲ್ಲಿಸಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಎಷ್ಟೋ ಸಲ ತಟ್ಟಿದವನು ನಾನೇ ಆಗಿರುತ್ತಿದ್ದೆ. ಜಗಳಕ್ಕೆ ಸೋಪಿನ ಚೂರು ಸಾಕಾಗುತ್ತಿತ್ತು. ಭಾವ ಸಿಳ್ಳೆ ಹಾಕುವುದನ್ನು ಯಾವಾಗ ಬಿಟ್ಟರೋ ಯಾರಿಗೂ ನೆನಪಿಲ್ಲ. ಮಗಳನ್ನು ದೂರದ ಊರಿಗೆ ಕೊಟ್ಟಿದ್ದರು, ಅವಳ ಸಂಸಾರವೂ ಅಷ್ಟಕ್ಕಷ್ಟೇ, ಹಾಗಾಗಿ ಅವಳ ಕಿವಿಗೆ ಏನೂ ಬೀಳದಂತೆ ನೋಡಿಕೊಂಡರು. ನನ್ನ ಕಿವಿಗೂ ಬೀಳಲಿಲ್ಲ. ನಾನು ಶಾಲೆಯ ವ್ಯಾನು ಓಡಿಸುವವನು, ನನ್ನ ಸಿಟ್ಟು ಊರಿಗೇ ಗೊತ್ತು. ಹೇಳಿದರೆ ಕೂಗಾಡುತ್ತಾನೆ ಎಂದು ಸುಮ್ಮನಿದ್ದರಂತೆ. ಕೂಗಾಡುತ್ತಿದ್ದೆ, ನಿಜ. ಕೂಗಾಡಿ ಒಂದೆರಡು ತಿಂಗಳ ಮಾತ್ರೆಯನ್ನೂ ತಂದುಕೊಡುತ್ತಿದ್ದೆ. ಆಮೇಲೆ ನನ್ನ ಕೈಯೂ ಬಿಗಿಯಾಗುತ್ತಿತ್ತು.

ಅವರು ಹೇಳದೆ ಮುಚ್ಚಿಟ್ಟದ್ದು ಇಷ್ಟು. ಭಾವ ಮಾತ್ರೆ ಕೊಳ್ಳುವುದನ್ನು ನಿಲ್ಲಿಸಿದ್ದರು. ಅಕ್ಕ ಎರಡು ಹೊತ್ತೂ ತನ್ನ ಒಂದು ಮಾತ್ರೆಯನ್ನು ರೆಕ್ಸಿನ್ ಕೊಯ್ಯುವ ಬ್ಲೇಡಿನಲ್ಲಿ ಎರಡು ಮಾಡಿ, ಅರ್ಧ ಗಂಡನಿಗೆ ಕೊಟ್ಟು ಅರ್ಧ ತಾನು ನುಂಗುತ್ತಿದ್ದಳು. ಅರ್ಧ ನುಂಗಿದವಳ ಸಕ್ಕರೆ ಇಳಿಯುವುದೆಲ್ಲಿಂದ? ಮುಂದಿನ ಸಲ ಕಂಪನಿ ಡಾಕ್ಟರು ರಕ್ತ ನೋಡಿ, ಹುಬ್ಬು ಗಂಟಿಕ್ಕಿ, ಮಾತ್ರೆ ಹೆಚ್ಚಿಸಿದರು. ಆವತ್ತು ಅಕ್ಕ ಸಂಬಳ ಹೆಚ್ಚಾದವಳ ಹಾಗೆ ಮನೆಗೆ ಓಡಿಬಂದಳಂತೆ.

"ರೀ, ಜಾಸ್ತಿ ಮಾಡಿದ್ರು!"

"ಎಷ್ಟು?"

"ಹೊತ್ತಿಗೆ ಒಂದೂವರೆ."

ಆಮೇಲೆ ಒಂದೂವರೆ ಎರಡಾಯಿತು. ಬೆಳಿಗ್ಗೆ ಎರಡು, ರಾತ್ರಿ ಎರಡು. ಬ್ಲೇಡಿನ ಕೆಲಸ ಮುಗಿಯಿತು. ನಿನಗೊಂದು, ನನಗೊಂದು. ಕಾಗದದ ಮೇಲೆ ಕಾಯಿಲೆ ಏರಿದಷ್ಟೂ ಹಿಗ್ಗಿದ ಮನೆ ಅದೊಂದೇ ಇರಬೇಕು.

ಆದರೆ ಅಲ್ಲಿಗೆ ಹೊಸ ಪೀಕಲಾಟ ಶುರುವಾಯಿತು. ಈಗ ಅಕ್ಕನ ಹೊಟ್ಟೆಗೆ ಪೂರ್ತಿ ಒಂದು ಮಾತ್ರೆ ಹೋಗುತ್ತಿತ್ತಲ್ಲ, ಸಕ್ಕರೆ ಹದಕ್ಕೆ ಬಂದುಬಿಟ್ಟಿತು. ಡಾಕ್ಟರು ಬೆನ್ನು ತಟ್ಟಿ, "ಹೀಗೇ ಇದ್ರೆ ಮುಂದಿನ ಸಲ ಕಮ್ಮಿ ಮಾಡೋಣಮ್ಮ" ಎಂದರು. ಕಮ್ಮಿ ಮಾಡಿದರೆ ಗಂಡನ ಪಾಲು ಹೋಯಿತು. ಅಲ್ಲಿಂದ ಮುಂದೆ ರಕ್ತ ಕೊಡುವ ದಿನ ಬಂತೆಂದರೆ, ಹಿಂದಿನ ರಾತ್ರಿ ಮಾತ್ರೆ ಬಿಟ್ಟು, ಬೆಳಿಗ್ಗೆ ಡಬ್ಬದಿಂದ ಸಕ್ಕರೆ ಚಮಚದಲ್ಲಿ ಮೊಗೆದು ಮೊಗೆದು ತಿಂದು ಹೋಗುತ್ತಿದ್ದಳು. ತಿನ್ನಲಾರದೆ ವಾಕರಿಕೆ ಬಂದರೂ ಕಣ್ಣು ಮುಚ್ಚಿ ನುಂಗುತ್ತಿದ್ದಳು. ಭಾವ ಎದುರು ಕೂತು, "ಸಾಕು ಕಣೇ, ಸಾಕು" ಎನ್ನುತ್ತಿದ್ದರಂತೆ. "ಸುಮ್ನಿರಿ, ಫೇಲಾದ್ರೆ ಮತ್ತೆ ಬ್ಲೇಡೇ ಗತಿ" ಎನ್ನುತ್ತಿದ್ದಳಂತೆ ಇವಳು. ಪರೀಕ್ಷೆಗೆ ಓದಿಕೊಂಡು ಹೋಗುವವರನ್ನು ನೋಡಿದ್ದೇನೆ, ತಿಂದುಕೊಂಡು ಹೋದವಳು ನನ್ನ ಅಕ್ಕ ಒಬ್ಬಳೇ.

ಹೀಗೆ ವರ್ಷದ ಮೇಲೆ ನಡೆಯಿತು. ಒಂದು ದಿನ ಚಾದರದ ಜೊತೆಗೆ ಅಕ್ಕನ ಬಲಗೈಯೂ ರೋಲರಿನ ಬಾಯಿಗೆ ಹೋಯಿತು. ಪಕ್ಕದವಳು ಗುಂಡಿ ಒತ್ತಿ ನಿಲ್ಲಿಸಿದ್ದರಿಂದ ಕೈ ಉಳಿಯಿತು, ಮುಂಗೈ ಚರ್ಮ ಸುಟ್ಟುಹೋಯಿತು. ಕಂಪನಿಯವರೇ ತಮ್ಮ ಗೊತ್ತಿನ ಆಸ್ಪತ್ರೆಯಲ್ಲಿ ಮಲಗಿಸಿದರು. ಅಲ್ಲಿಯ ನರ್ಸುಗಳ ಕೈಗೆ ಕಂಪನಿ ಡಾಕ್ಟರ ಚೀಟಿಯೂ ಹೋಯಿತು: ಬೆಳಿಗ್ಗೆ ಎರಡು, ರಾತ್ರಿ ಎರಡು.

ಮಧ್ಯಾಹ್ನ ಮಕ್ಕಳನ್ನು ಮನೆ ಮನೆಗೆ ಇಳಿಸಿ ನಾನು ಆಸ್ಪತ್ರೆಗೆ ಹೋಗುತ್ತಿದ್ದೆ. ಭಾವ ಅಲ್ಲೇ ಇರುತ್ತಿದ್ದರು. ಮೊದಲ ದಿನ ರಾತ್ರಿಯವರೆಗೂ ಇದ್ದೆ, ನರ್ಸು ಬಂದುಹೋದ ಮೇಲೆ ಒಂದು ವಿಚಿತ್ರ ಕಂಡೆ. ಭಾವ ಮಂಚದ ಮೇಲೆ ಬಗ್ಗಿದರು, ಅಕ್ಕ ಕೆಮ್ಮುವವಳ ಹಾಗೆ ಕರವಸ್ತ್ರ ಬಾಯಿಗೆ ಹಿಡಿದಳು, ಕರವಸ್ತ್ರ ಭಾವನ ಜೇಬು ಸೇರಿತು. ಈ ವಯಸ್ಸಿನಲ್ಲಿ ಇದೇನು ಸರಸ ಎಂದು ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅದು ಸರಸವಲ್ಲ, ಮಾತ್ರೆ ಎಂದು ಆಮೇಲೆ ತಿಳಿಯಿತು. ನರ್ಸು ಕೊಟ್ಟ ಎರಡರಲ್ಲಿ ಒಂದನ್ನು ನುಂಗಿ, ಇನ್ನೊಂದನ್ನು ದವಡೆಯ ಸಂದಿಯಲ್ಲಿ ಇಟ್ಟುಕೊಂಡು, ನೀರು ಕುಡಿದು, "ಆಯ್ತು ಸಿಸ್ಟರ್" ಎಂದು ಹೇಳುವ ವಿದ್ಯೆಯನ್ನು ಭಾವ ಹೇಳಿಕೊಟ್ಟಿದ್ದರು. ಮೊಳೆ ಇಡುವ ಜಾಗ, ಮೊಳೆ ಇಡುವ ರೀತಿ.

ಅಕ್ಕನಿಗೆ ಭಾವನಷ್ಟು ಪಳಗಿದ ಬಾಯಿ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ದೊಡ್ಡ ಸಿಸ್ಟರ್ ಬಂದವರು ಮಾತ್ರೆ ಕೊಟ್ಟು, ನೀರು ಕುಡಿಸಿ, "ಎಲ್ಲಿ, ಬಾಯಿ ತೆಗಿ" ಎಂದರು. ನಾಲಗೆ ಎತ್ತಿಸಿ, ಕೆನ್ನೆ ಸರಿಸಿ ನೋಡಿ, ಇನ್ನೊಂದು ಲೋಟ ನೀರು ಕುಡಿಸಿ ಎರಡನ್ನೂ ಇಳಿಸಿಯೇ ಹೋದರು. ತಪ್ಪು ಅವರದಲ್ಲ, ಚೀಟಿಯಲ್ಲಿ ಇದ್ದದ್ದನ್ನೇ ಮಾಡಿದರು. ಸುಟ್ಟ ಕೈಯ ನೋವಿಗೆ ಅಕ್ಕ ಬೆಳಿಗ್ಗೆ ಬ್ರೆಡ್ಡಿನ ಒಂದು ಚೂರನ್ನೂ ಮುಟ್ಟಿರಲಿಲ್ಲ.

ನಾನು ಹೋದಾಗ ಅವಳು ನೀರಲ್ಲಿ ಅದ್ದಿ ತೆಗೆದ ಹಾಗೆ ಬೆವರಿದ್ದಳು. ಕೈಕಾಲು ನಡುಗುತ್ತಿತ್ತು. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. "ಆ ತುದಿ ಹಿಡಿ," ಎಂದಳು. "ಹಿಡೀತಿಲ್ಲ ನೀನು. ಆ ತುದಿ ಹಿಡಿಯೇ, ಮೆಷಿನಿಗೆ ಹೋಗುತ್ತೆ." ಭಾವ ಮಂಚದ ಚಾದರದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, "ಹಿಡ್ಕೊಂಡಿದೀನಿ ಕಣೇ, ನೋಡು, ಹಿಡ್ಕೊಂಡಿದೀನಿ" ಎನ್ನುತ್ತಿದ್ದರು. ನಾನು ಓಡಿದೆ, ಕೂಗಿದೆ, ಇಡೀ ವಾರ್ಡು ತಿರುಗಿ ನೋಡುವಷ್ಟು ಕೂಗಿದೆ.

ಬೆರಳು ಚುಚ್ಚಿ ನೋಡಿದರು, ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ರಕ್ತನಾಳಕ್ಕೆ ಗ್ಲೂಕೋಸು ಬಿಟ್ಟರು. ಸ್ವಲ್ಪ ಹೊತ್ತಿಗೆ ಅಕ್ಕನ ಕಣ್ಣಿಗೆ ನಾವು ಕಂಡೆವು. ಆಸ್ಪತ್ರೆಯ ಡಾಕ್ಟರು, ಚಿಕ್ಕ ವಯಸ್ಸಿನವರು, ಚೀಟಿ ನೋಡಿ ಹೇಳಿದರು: "ಬೆಳಿಗ್ಗೆ ಏನೂ ತಿಂದಿಲ್ಲ, ಅದಕ್ಕೇ ಇಳಿದಿದೆ. ಗಾಬರಿ ಬೇಡ. ವರ್ಷದಿಂದ ಇದೇ ಡೋಸು ನಡೀತಿದೆ. ರಾತ್ರಿ ಸರಿಯಾಗಿ ಊಟ ಮಾಡಿಸಿ, ಮಾತ್ರೆ ಎಂದಿನ ಹಾಗೆ ಕೊಡಿ."

ಡಾಕ್ಟರು ಹೊರಡಲು ತಿರುಗಿದರು. ಭಾವ ಚಾದರದ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ. ಅಕ್ಕ ಅವರನ್ನೇ ನೋಡುತ್ತಿದ್ದಳು. ಬೇಡ ಎಂದು ತಲೆಯಾಡಿಸಿದಳು. ಎದ್ದು ಕೂರಲು ತ್ರಾಣವಿಲ್ಲದವಳು ತಲೆಯನ್ನು ಮಾತ್ರ ಆ ಕಡೆ ಈ ಕಡೆ, ಬೇಡ, ಬೇಡ. ನನಗೆ ಒಂದೂ ಅರ್ಥವಾಗಲಿಲ್ಲ.

"ಡಾಕ್ಟ್ರೇ," ಎಂದರು ಭಾವ. "ಅದು ಇಬ್ಬರ ಮಾತ್ರೆ."

"ಇಬ್ಬರದು ಅಂದ್ರೆ?"

"ಎರಡರಲ್ಲಿ ಒಂದು ನಂದು. ನಾನು ತಗೋತಾ ಇದ್ದೆ. ಇವಳಿಗೆ ಎರಡೂ ಕೊಟ್ರೆ ಸತ್ತುಹೋಗ್ತಾಳೆ."

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಬ್ಲೇಡು, ಒಂದೂವರೆ, ಸಕ್ಕರೆ ಡಬ್ಬ, ಕರವಸ್ತ್ರ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಚೀಟಿಯಲ್ಲಿ ಒಂದು ಗೀಟು ಎಳೆದು, ಒಂದು ಮಾತ್ರೆ ಎಂದು ಬರೆದು, "ಬದುಕಿದ್ದೇ ಹೆಚ್ಚು" ಎಂದಷ್ಟೇ ಹೇಳಿ ಹೋದರು. ಬೈದವನು ನಾನು. ಆ ಮುದುಕರಿಬ್ಬರನ್ನೂ ವಾರ್ಡಿನ ಮಧ್ಯೆ ನಿಂತು ಬಾಯಿಗೆ ಬಂದಂತೆ ಬೈದೆ, ಬೈಯುತ್ತ ಬೈಯುತ್ತ ನನಗೇ ಅಳು ಬಂತು.

ಅಕ್ಕನ ಸಿಟ್ಟು ನನ್ನ ಮೇಲಲ್ಲ, ಗಂಡನ ಮೇಲೆ. "ಒಂದು ದಿನ ಬಾಯಿ ಮುಚ್ಕೊಂಡಿರೋಕಾಗ್ಲಿಲ್ವಾ ನಿಮಗೆ? ಮೊಳೆ ಇಟ್ಕೊಂಡು ಬೆಳಗಿಂದ ಸಂಜೆವರೆಗೂ ಮುಚ್ಕೊಂಡಿರ್ತೀರಿ!" ಮನೆಗೆ ಬಂದ ಮೇಲೂ ಎಷ್ಟೋ ದಿನ ಅವರೊಡನೆ ಮಾತು ಬಿಟ್ಟಿದ್ದಳು. ಜೀವ ಉಳಿಸಿದವನ ಜೊತೆ ಮಾತು ಬಿಟ್ಟ ಹೆಂಗಸನ್ನು ಏನೆಂದು ಸಮಾಧಾನ ಮಾಡುವುದು?

ಆಸ್ಪತ್ರೆಯಿಂದ ಸುದ್ದಿ ಮುಟ್ಟಿದರೂ ಕಂಪನಿ ಡಾಕ್ಟರು ಕಾರ್ಡು ಕಿತ್ತುಕೊಳ್ಳಲಿಲ್ಲ. ಅದೊಂದು ಪುಣ್ಯ. ಆದರೆ ಮಾತ್ರೆಯನ್ನು ಮನೆಗೆ ಕೊಡುವುದು ನಿಂತಿತು. ಬೆಳಿಗ್ಗೆ ಕೆಲಸಕ್ಕೆ ಒಳಗೆ ಹೋಗುವಾಗ ಒಂದು, ಸಂಜೆ ಹೊರಗೆ ಬರುವಾಗ ಒಂದು, ಗೇಟಿನ ಕೋಣೆಯ ನರ್ಸಿನ ಎದುರಿಗೇ ನುಂಗಿ, ಬಾಯಿ ತೆರೆದು ತೋರಿಸಬೇಕು. ಅಕ್ಕ ಮತ್ತೊಮ್ಮೆ ದವಡೆಯ ವಿದ್ಯೆಗೆ ಕೈಹಾಕಿ ಹೇಗೋ ಒಂದನ್ನು ಮನೆಗೆ ತಂದಳು. ಭಾವ ಮುಟ್ಟಲಿಲ್ಲ.

"ನಿನ್ನ ಎಂಜಲು ಸಾಕು ಕಣೇ. ನಂಗೆ ಧರ್ಮಾಸ್ಪತ್ರೆಯಲ್ಲಿ ಸಿಗ್ತಿದೆ. ಸೋಮವಾರ ಸೋಮವಾರ ಕೊಡ್ತಾರೆ."

"ನಿಜವಾಗ್ಲೂ?"

"ಸುಳ್ಳು ಹೇಳಿ ನಂಗೇನು ಬರಬೇಕು?"

ಸೋಮವಾರ ಬಂದರೆ ಬೆಳಕು ಹರಿಯುವ ಮೊದಲೇ ಎದ್ದು ಹೊರಡುತ್ತಿದ್ದರು. ಅಕ್ಕ ನಂಬಿದಳು, ನಾನೂ ನಂಬಿದೆ. ನಂಬದೆ ಇದ್ದರೆ ಅವಳ ಗಂಟಲಲ್ಲಿ ತನ್ನ ಮಾತ್ರೆಯೂ ಇಳಿಯುತ್ತಿರಲಿಲ್ಲ, ಅದಕ್ಕೇ ನಂಬಿದಳು ಎಂದು ಈಗ ನನಗನ್ನಿಸುತ್ತದೆ. ಭಾವ ಆ ಆಸ್ಪತ್ರೆಗೆ ಹೋದದ್ದು ಒಂದೇ ಸಲ. ಅರ್ಧ ದಿನ ಸಾಲಿನಲ್ಲಿ ನಿಂತು ಕಿಟಕಿ ಮುಟ್ಟಿದಾಗ, ಮಾತ್ರೆ ಮುಗಿದಿದೆ, ಮುಂದಿನ ವಾರ ಬನ್ನಿ ಎಂದರಂತೆ. ತಿರುಗಿ ಯಾರ್ಡಿಗೆ ಬಂದರೆ, ಆವತ್ತು ಅಪರೂಪಕ್ಕೆ ಬಂದಿದ್ದ ಒಂದು ಇಡೀ ಬಸ್ಸಿನ ಕೆಲಸ ಬೇರೆಯವನ ಪಾಲಾಗಿತ್ತು. ಮುಂದಿನ ಸೋಮವಾರದಿಂದ ನೇರವಾಗಿ ಯಾರ್ಡಿಗೇ ಹೋಗಿ, ಎಲ್ಲರಿಗಿಂತ ಮೊದಲು ಕೂರುತ್ತಿದ್ದರು.

ಅವರು ಸೊರಗಿದ್ದು ನಮ್ಮ ಕಣ್ಣೆದುರಿಗೇ. ಪ್ಯಾಂಟು ನಿಲ್ಲದೆ ಬೆಲ್ಟಿಗೆ ತಾವೇ ಹೊಸ ತೂತು ಹೊಡೆದುಕೊಂಡರು. "ಸೊಂಟ ನೋಡಯ್ಯ, ಮದುವೆ ಗಂಡಿನ ಹಾಗಾಗಿದೆ" ಎಂದರು. ನಾನೂ ನಕ್ಕೆ. ಬಿಂದಿಗೆ ನೀರು ಒಬ್ಬರೇ ಖಾಲಿ ಮಾಡುತ್ತಿದ್ದರು. ಹೊಲಿಗೆ ಯಂತ್ರ ತುಳಿಯುವಾಗ ಕಾಲು ಪೆಡಲಿನಿಂದ ಜಾರುತ್ತದೆ ಎಂದು ಪೆಡಲಿಗೆ ರೆಕ್ಸಿನ್ನಿನ ಒಂದು ಪಟ್ಟಿ ಹೊಲಿದು ಪಾದವನ್ನು ಅದರೊಳಗೆ ಸಿಕ್ಕಿಸುತ್ತಿದ್ದರು. ಪಾದ ಮರಗಟ್ಟಿ ಪೆಡಲು ತಿಳಿಯದೆ ಇದ್ದದ್ದರಿಂದ ಜಾರುತ್ತಿತ್ತು ಎಂದು ಯಾರಿಗೆ ಹೊಳೆಯಬೇಕು? ಯಾರ್ಡಿನವರು, ಮೇಸ್ತ್ರಿ ಒಳ್ಳೆ ಉಪಾಯ ಮಾಡಿದ ಎಂದರು.

ಚಳಿಗಾಲದ ಒಂದು ಸಂಜೆ ಮೈಯೆಲ್ಲ ಸೆಟೆದುಕೊಂಡು ಮನೆಗೆ ಬಂದರು. ಆ ಹೊತ್ತಿಗೆ ಅಕ್ಕನ ಮುನಿಸು ಕರಗಿತ್ತು. ಕೈಯೂ ವಾಸಿಯಾಗಿತ್ತು, ಸಕ್ಕರೆಯೂ ಹದದಲ್ಲಿತ್ತು, ಗೇಟಿನ ಡಾಕ್ಟರು ನಿನ್ನಂಥ ಪೇಷಂಟ್ ಇಲ್ಲ ಎಂದು ಹೊಗಳಿದ್ದರು. ಕೆಲಸದಿಂದ ಬಂದವಳು ಇನ್ನೂ ಬಟ್ಟೆ ಬದಲಾಯಿಸಿರಲಿಲ್ಲ. ಒಲೆಯ ಮೇಲೆ ಪಾತ್ರೆ ಇಟ್ಟು ನೀರು ಕಾಯಿಸಿ, ಬೋಗುಣಿಗೆ ಸುರಿದು, ಅವರ ಕಾಲ ಹತ್ತಿರ ತಂದಿಟ್ಟಳು. ತಣ್ಣೀರು ಬೆರೆಸೋಣ ಎಂದು ಒಳಗೆ ಹೋಗಿ ಚೊಂಬು ತರುವಷ್ಟರಲ್ಲಿ ಅವರು ಎರಡೂ ಕಾಲು ಇಳಿಸಿ ಕೂತಿದ್ದರು.

"ಅಯ್ಯೋ, ಬಿಸಿ ಜಾಸ್ತಿ ಆಗ್ಲಿಲ್ವೇನ್ರೀ?"

"ಇಲ್ಲ ಕಣೇ, ಹಾಯಾಗಿದೆ. ನೀನು ಕೂತ್ಕೋ."

ಅವಳು ಚೊಂಬು ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಇಬ್ಬರೂ ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಅದು ಇದು ಮಾತಾಡಿದರಂತೆ. ಮಗಳ ವಿಷಯ, ಹಿಂದೆ ಬಾಡಿಗೆಗಿದ್ದ ಮನೆಯ ವಿಷಯ. ಬೆಳಿಗ್ಗೆ ಹಾಸಿಗೆಯ ಚಾದರಕ್ಕೆ ಅವರ ಪಾದದ ಚರ್ಮ ಅಂಟಿಕೊಂಡಿತ್ತು.

ಎಡಗಾಲು ಹೇಗೋ ಉಳಿಯಿತು. ಬಲಗಾಲಿನ ಗಾಯ ಕೊಳೆತು, ಮೇಲೆ ಮೇಲೆ ಹತ್ತಿ, ಕೊನೆಗೆ ಮೊಣಕಾಲಿನ ಕೆಳಗೆ ತೆಗೆದರು. ಸೋಮವಾರದ ಸುಳ್ಳು ಆಗ ಹೊರಗೆ ಬಿತ್ತು. ಅಕ್ಕ ಆ ಸುಳ್ಳನ್ನು ಬದಿಗಿಟ್ಟು, ನೋಡಲು ಬಂದವರಿಗೆಲ್ಲ, ಅವರು ಕೇಳಲಿ ಬಿಡಲಿ, "ನೀರು ಸುರಿದದ್ದು ನಾನೇ" ಎಂದು ಹೇಳುತ್ತಿದ್ದಳು. ಯಾರಾದರೂ ತನ್ನನ್ನು ಬೈಯಲಿ ಎಂದು ಕಾಯುವವಳ ಹಾಗೆ. ಯಾರೂ ಬೈಯಲಿಲ್ಲ. ನಾನೂ ಬೈಯಲಿಲ್ಲ.

ಆಪರೇಷನ್ ಆದ ಮೇಲೆ ಭಾವ ಸರಿಯಾಗಿ ಮಾತಾಡಿದ ಮೊದಲ ದಿನ ನಾನು ಅಲ್ಲೇ ಇದ್ದೆ. ಅಕ್ಕ ಅವರ ಬಾಯಿಗೆ ಚಮಚದಲ್ಲಿ ಚಹಾ ಹಾಕುತ್ತಿದ್ದಳು. ಹಾಕುತ್ತ ಹಾಕುತ್ತ ಕೈ ನಿಲ್ಲಿಸಿದಳು.

"ಬಿಸಿ ಗೊತ್ತಾಗ್ತಿಲ್ಲ ಅಂತ ಅಂದಿದ್ರೂ ಸಾಕಿತ್ತಲ್ರೀ. ನಾನು ಆಗ್ಲೇ ಎಳೀತಿದ್ದೆ ಕಾಲನ್ನ. ಹಾಯಾಗಿದೆ ಅಂತ ಯಾಕಂದ್ರಿ?"

ಭಾವ ಚಾವಣಿ ನೋಡಿದರು. ಆಮೇಲೆ ಅವಳನ್ನು ನೋಡಿದರು.

"ನಂಗೆ ನೀರು ತಣ್ಣಗೇ ಅನ್ನಿಸ್ತು ಕಣೇ. ಹಾಗಂತ ಹೇಳಿದ್ರೆ ನೀನು ಎದ್ದು ಮತ್ತೆ ಕಾಯಿಸೋಕೆ ಹೋಗ್ತೀಯ. ಗ್ಯಾಸು ಬೇರೆ ಮುಗೀತಾ ಬಂದಿತ್ತು. ಇರಲಿ ಬಿಡು ಅಂತ ಸುಮ್ಮನಾದೆ."

ಅಕ್ಕ ಚಹಾದ ಲೋಟವನ್ನು ನನ್ನ ಕೈಗೆ ಕೊಟ್ಟು, ಅವರ ಎದೆಯ ಮೇಲೆ ಹಣೆಯಿಟ್ಟು ಅತ್ತಳು. ಅವರು ಅವಳ ಸುಟ್ಟು ಮಾಗಿದ ಕೈಯನ್ನು ಸವರುತ್ತ, "ಅವನಿಗೆ ಹೇಳಬೇಡ ಕಣೇ, ಮತ್ತೆ ಕೂಗಾಡ್ತಾನೆ" ಎಂದರು. ನಾನು ಲೋಟ ಹಿಡಿದುಕೊಂಡು ಅವರ ಪಕ್ಕದಲ್ಲೇ ನಿಂತಿದ್ದೆ.